ಇಂಗ್ಲಿಷಿಗೆ ಹೋದ ನಮ್ಮ ‘ಲೂಟಿ’

ನಾಮಪದಗಳು ಜಗತ್ತಿನಲ್ಲಿರುವ ವಸ್ತುಗಳನ್ನು ತಿಳಿಸುತ್ತವೆ. ಯಾರು ಯಾರಿಗೆ ಏನು ಮಾಡಿದರೆಂಬುದನ್ನು ತಿಳಿಸತಕ್ಕವು ಕ್ರಿಯಾಪದಗಳು. ಆದ ಕಾರಣ ಒಂದು ಜನಾಂಗದ ನಡತೆಯ ಚರಿತ್ರೆಯನ್ನು ಅರಿಯಬೇಕಾದರೆ ಅದರ ಕ್ರಿಯಾಪದಗಳನ್ನು ಪರೀಕ್ಷಿಸಬೇಕು. ಬಲಾತ್ಕಾರವನ್ನು ಸೂಚಿಸುವ ಕ್ರಿಯಾಪದಗಳ ವಿಷಯದಲ್ಲಿ ಈ ಮಾತು ಮತ್ತಷ್ಟು ನಿಜವಾದುದು. ಅಂಥದೊಂದು ಪದವನ್ನು ತೆಗೆದುಕೊಂಡು, ಅದರ ಅರ್ಥವೇನು, ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂಬುದನ್ನು ಈ ಭಾಷಣದಲ್ಲಿ ವಿವೇಚಿಸಬೇಕೆಂದು ನಮ್ಮ ಉದ್ದೇಶ. ಆ ಪದವು ‘ಲೂಟ್’. ಇಂಗ್ಲಿಷರು ತಮ್ಮ ಮನೆಯ ಮಾತೆಂಬಷ್ಟು ಸಲಿಗೆಯಿಂದ ಬಳಸುವ ಈ ಕ್ರಿಯಾಪದವು ನಮ್ಮ ದೇಶದ ‘ಲೂಟಿ’ಯೇ ಹೊರತು ಬೇರೆಯಲ್ಲ.

ಈ ವಿಚಾರಕ್ಕೆ ನಮ್ಮನ್ನು ಹಚ್ಚಿದವನು ಒಬ್ಬ ವಿದ್ಯಾರ್ಥಿ. ನಾವು ಪಾಠ ಹೇಳುವ ಕಾಲೇಜಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯಿಂದ ಬರುವ ಹುಡುಗರು ಬಹಳ. ಒಂದು ದಿನ ಭಾಷಾಂತರದ ಅಭ್ಯಾಸಕ್ಕೆಂದು, ೧೮೫೭ರಲ್ಲಿ ಹಲಗಲಿಯಲ್ಲಿ ನಡೆದ ಬೇಡರ ದಂಗೆಯನ್ನು ಕುರಿತು ಕೆಲವು ಇಂಗ್ಲಿಷ್ ವಾಕ್ಯಗಳನ್ನು ನಾವೇ ರಚಿಸಿ ಕರಿಹಲಗೆಯ ಮೇಲೆ ಬರೆದೆವು. ಹುಡುಗರು ಅವನ್ನು ಕನ್ನಡಿಸಿದರು. ಬೇಡರು ಲೂಟಿ ಮಾಡಿದರು ಎಂದು ಮೊದಲನೆಯ ವಾಕ್ಯ. ಹಲಗಲಿಯು ಸುಡಲ್ಪಟ್ಟಿತು ಎಂದು ಎರಡನೆಯದು. ಮುಧೋಳದ ಕಡೆಯ ಒಬ್ಬ ಹುಡುಗನು ಎದ್ದು ನಿಂತು, “ಬ್ಯಾಡರು ಲೂಟಿ ಮಾಡಿದ್ರು ಅಂತ ಬರದೀರಿ. ಊರು ಸುಡಲ್ಪಟ್ಟಿತು ಅಂತ ಬರದೀರಿ. ಹಂಗಾರ ಸುಟ್ಟವರು ಯಾರ್ರೀ ಸರ?” ಎಂದು ಕೇಳಿದನು.

ಇದು ಕರ್ಮಣಿ ಪ್ರಯೋಗ, ಇಲ್ಲಿ ಕರ್ತೃಪದವನ್ನು ಹೇಳದೆಯೂ ಬಿಡಬಹುದು ಎಂದು ನಾವು ವ್ಯಾಕರಣದ ಉತ್ತರವನ್ನು ಕೊಟ್ಟೆವು. ಹುಡುಗನು ಕುಳಿತನು. ಆದರೆ ಅವನು ಕೇಳಿದ್ದು ವ್ಯಾಕರಣವನ್ನಲ್ಲವೆಂಬುದು ಅವನಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಬೇಡರು ಲೂಟಿ ಮಾಡಿದರೆಂದು ಬರೆಯುವುದಕ್ಕೆ ನಮ್ಮ ಬಳಿ ಯಾವ ಆಧಾರವೂ ಇರಲಿಲ್ಲ. ದಂಗೆಯೆಂದ ಮೇಲೆ ಲೂಟಿ, ಲೂಟಿಯೆಂದ ಮೇಲೆ ಬೇಡರು ಎಂದು ಓದಿದ ರೂಢಿಯ ಮೇಲೆ ಬರೆದಿದ್ದೆವು. ಮನೆಗೆ ಬಂದು ನಿಘಂಟುಗಳನ್ನು ತೆರೆದೆವು. ಅಂದು ಕಂಡ ಸಂಗತಿಗಳೇ ಈ ಭಾಷಣಕ್ಕೆ ಸಾಮಗ್ರಿ.

ಮೊದಲು ಅರ್ಥವನ್ನು ನೋಡೋಣ. ಪರರ ಸೊತ್ತನ್ನು ಅನ್ಯಾಯವಾಗಿ ತೆಗೆದುಕೊಳ್ಳುವುದಕ್ಕೆ ಎಲ್ಲ ಭಾಷೆಗಳಲ್ಲಿಯೂ ಅನೇಕ ಪದಗಳಿರುತ್ತವೆ. ಆದರೆ ಅವೆಲ್ಲ ಸಮಾನಾರ್ಥಕಗಳಲ್ಲ. ಕಳವು ಕತ್ತಲೆಯಲ್ಲಿ ನಡೆಯತಕ್ಕದ್ದು. ಅದಕ್ಕೆ ಒಡೆಯನ ಕಣ್ಣು ತಪ್ಪಬೇಕು. ದರೋಡೆಗೆ ಒಡೆಯನು ಎದುರಿಗಿದ್ದರೂ ಬಾಧಕವಿಲ್ಲ. ಅವನನ್ನು ಹೆದರಿಸಬಲ್ಲ ತಂಡವಿದ್ದರೆ ಸಾಕು. ಆದರೂ ದರೋಡೆಗಾರನು ಸರಕಾರಕ್ಕೆ ಅಂಜುತ್ತಾನೆ, ಬೆಳಗಾಗುವುದರೊಳಗೆ ಓಡಿಹೋಗುತ್ತಾನೆ. ಲೂಟಿಯ ಲಕ್ಷಣವೇ ಬೇರೆ. ಅದು ಹಾಡುಹಗಲಿನಲ್ಲಿ, ಹಲವು ಕೈಗಳಿಂದ, ಯಾರ ಅಂಜಿಕೆಯೂ ಇಲ್ಲದೆ ನಡೆಯುತ್ತದೆ. ತಡೆಯಬೇಕಾದವರು ಅಲ್ಲಿರುವುದಿಲ್ಲ, ಇದ್ದರೆ ಅವರೂ ಅದರಲ್ಲಿ ಸೇರಿರುತ್ತಾರೆ. ಯುದ್ಧ, ದಂಗೆ, ಅರಾಜಕತೆ ಇವುಗಳ ಬೆನ್ನಿಗೆ ಬರುವ ಸುಲಿಗೆಗೇ ಇಂಗ್ಲಿಷಿನಲ್ಲಿ ‘ಲೂಟ್’ ಎನ್ನುವುದು ಮುಖ್ಯಾರ್ಥ.

ಇನ್ನು ಮೂಲ. ಹಿಂದಿಯ ‘ಲೂಟ್’ ಸಂಸ್ಕೃತದಿಂದ ಬಂದುದೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಯಾವ ಧಾತುವಿನಿಂದ ಎಂಬಲ್ಲಿ ಎರಡು ಪಕ್ಷಗಳುಂಟು. ಕಸಿದುಕೊಳ್ಳು ಎಂಬರ್ಥದ ‘ಲುಂಠ್’ ಧಾತುವಿನಿಂದ ಬಂತೆಂಬುದು ಒಂದು ಪಕ್ಷ. ಲುಂಠನವೆಂಬ ಪದವನ್ನು ಸಂಸ್ಕೃತ ಬಲ್ಲ ಕೇಳುಗರು ಅರಿತಿರಬಹುದು. ‘ಲುಪ್’ ಧಾತುವಿನಿಂದ ಹುಟ್ಟಿದ ‘ಲೋಪ್ತ್ರ’, ಎಂದರೆ ಕದ್ದ ಒಡವೆ, ಎಂಬುದರಿಂದ ಬಂತೆಂಬುದು ಇನ್ನೊಂದು ಪಕ್ಷ. ಈ ‘ಲುಪ್’ ನಮಗೆ ಅಪರಿಚಿತವಾದುದೇನೂ ಅಲ್ಲ. ಲೋಪ, ಲುಪ್ತ ಎಂಬ ಪದಗಳು ಅದರಿಂದಲೇ ಬಂದವು. ಊರು ಎಂಬುದರ ಮುಂದೆ ಅಲ್ಲಿ ಎಂಬುದು ಬಂದು ‘ಊರಲ್ಲಿ’ ಎಂದಾಗುವಾಗ ನಡುವಣ ಉಕಾರವು ಇಲ್ಲವಾಗುತ್ತದೆಯಷ್ಟೆ. ಅದನ್ನು ಲೋಪಸಂಧಿಯೆಂದು ಮಕ್ಕಳಿಗೆ ಕಲಿಸುತ್ತೇವೆ.

ಈ ಎರಡನೆಯ ಪಕ್ಷವನ್ನು ಹಿಡಿದರೆ ಒಂದು ಸ್ವಾರಸ್ಯವು ಹೊರಪಡುತ್ತದೆ. ‘ಲುಪ್’ ಧಾತುವಿಗೆ ಮೂಲವಾದ ಪ್ರಾಚೀನ ಧಾತುವೇ ಯೂರೋಪಿನ ಜರ್ಮಾನಿಕ್ ಭಾಷೆಗಳ ಕಡೆಗೆ ಹರಿದು, ಫ್ರೆಂಚಿನ ಮೂಲಕ ಇಂಗ್ಲಿಷಿನಲ್ಲಿ ‘ರಾಬ್’ ಎಂದಾಗಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ‘ರಾಬ್’ ಮತ್ತು ‘ಲೂಟ್’ ಒಂದೇ ಕುಲದಲ್ಲಿ ಹುಟ್ಟಿ ದೇಶಾಂತರವಾದ ದಾಯಾದಿಗಳು. ಸಾವಿರಾರು ವರ್ಷಗಳ ತರುವಾಯ ಒಂದೇ ನಿಘಂಟಿನಲ್ಲಿ ಅವು ಮತ್ತೆ ಸಂಧಿಸಿದವು.

ನಮ್ಮ ಕನ್ನಡಕ್ಕೆ ಈ ಪದವು ಉತ್ತರದ ಭಾಷೆಗಳಿಂದ ಬಂತು. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದ ಕಾಲದಲ್ಲಿ, ಎಂದರೆ ೧೯೪೮ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ, ದರಬಾರಿನಲ್ಲಿ ಮರಾಠಿಯ ಪ್ರಭಾವವು ಬಲವಾಗಿದ್ದಿತು. ದರೋಡೆಯೆಂಬ ಪದವು ಮರಾಠಿಯಿಂದ ಬಂದುದೇ. ಪದವು ಊರೂರಿಗೆ ಹೋದಂತೆ ಅದರ ಗುಣವೂ ಬದಲಾಗುವುದುಂಟು. ಕರಾವಳಿಯಲ್ಲಿ, ಕಾಸರಗೋಡಿನ ಕನ್ನಡಿಗರ ಮನೆಗಳಲ್ಲಿಯೂ ಸಹ, ತಾಯಿಯು ತುಂಟ ಮಗುವಿಗೆ ‘ಲೂಟಿ ಮಾಡಬೇಡ’ ಎನ್ನುತ್ತಾಳೆ. ಅಲ್ಲಿ ಲೂಟಿಯೆಂದರೆ ಮಕ್ಕಳ ಚೇಷ್ಟೆ. ಮುಧೋಳದಲ್ಲಿ ಈ ಮಾತನ್ನು ಕೇಳಿದವರು ಮಗುವಿನ ಮೇಲೆ ಘೋರವಾದ ಅಪವಾದವನ್ನು ಹೊರಿಸಿದರೆಂದು ತಿಳಿದಾರು.

ಇಂಗ್ಲಿಷಿಗೆ ಈ ಪದವು ಹೋದ ಬಗೆಯನ್ನು ಈಗ ವಿಚಾರಿಸೋಣ. ೧೭೮೮ರಲ್ಲಿ ಲಂಡನ್ನಿನ ಸ್ಟಾಕ್‌ಡೇಲನು ಪ್ರಕಟಿಸಿದ ಒಂದು ಭಾರತೀಯ ಪದಸಂಗ್ರಹದಲ್ಲಿ ‘ಲೂಟ್’ ಎಂಬುದು ಕೊಳ್ಳೆಯೆಂಬ ಅರ್ಥದೊಡನೆ ಕಾಣಿಸಿಕೊಂಡಿದೆ. ಅದಕ್ಕೂ ಮೊದಲೇ, ಮೈಸೂರು ಯುದ್ಧಗಳ ಕಾಲದಲ್ಲಿ, ಇಂಗ್ಲಿಷ್ ಲೇಖಕರು ಹೈದರಾಲಿಯ ಬಿಡಿಕುದುರೆಯ ಸವಾರರನ್ನು ‘ಲೂಟಿವಾಲಾ’ಗಳೆಂದು ಕರೆದಿದ್ದರು. ಮುಂದೆ ಪೆಂಡಾರಿಗಳಿಗೂ ಅದೇ ಬಿರುದು ಸಂದಿತು. ಆರಂಭದಲ್ಲಿ ಆ ಪದದ ಕರ್ತೃಸ್ಥಾನದಲ್ಲಿ ಕುಳಿತವರು ಯಾವಾಗಲೂ ನಮ್ಮವರೇ ಎಂಬುದನ್ನು ಕೇಳುಗರು ಗಮನಿಸಬೇಕು. ಲೂಟಿಯೆಂಬುದು ಈ ದೇಶದವರು ಮಾಡುವ ಕೆಲಸ. ಆದುದರಿಂದ ಅದಕ್ಕೆ ಈ ದೇಶದ ಹೆಸರೇ ಇರಲಿ ಎಂಬುದು ಆಗಿನ ಭಾವನೆಯಾಗಿದ್ದಂತೆ ತೋರುತ್ತದೆ.

ಕ್ರಮೇಣ ಕರ್ತೃವು ಬದಲಾದನು. ಇಂಗ್ಲಿಷರು ಭಾರತದಲ್ಲಿ ಬಳಸುತ್ತಿದ್ದ ದೇಶೀಯ ಪದಗಳನ್ನು ಸಂಗ್ರಹಿಸಿ ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ರಚಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಪ್ರಸಿದ್ಧ ಕೋಶವು ೧೮೮೬ರಲ್ಲಿ ಹೊರಬಂದಿತು. ಇವರಲ್ಲಿ ಬರ್ನೆಲ್ ನಮ್ಮ ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದವನು. ೧೮೪೧ರ ಚೀನಾ ಯುದ್ಧ, ೧೮೫೪-೫೫ರ ಕ್ರೈಮಿಯಾ ಯುದ್ಧ, ೧೮೫೭-೫೮ರ ಭಾರತದ ದಂಗೆ, ಈ ಮೂರರ ನಡುವಣ ಅವಧಿಯಲ್ಲಿ ‘ಲೂಟ್’ ಎಂಬ ಪದವು ಮೆಲ್ಲಮೆಲ್ಲನೆ ಇಂಗ್ಲೆಂಡಿನಲ್ಲಿಯೇ ನೆಲೆಗೊಂಡಿತೆಂದು ಆ ಕೋಶವು ತಿಳಿಸುತ್ತದೆ. ಈ ಪದವನ್ನು ಇಂಗ್ಲೆಂಡಿಗೆ ಕೊಂಡೊಯ್ದವರು ಪಂಡಿತರಲ್ಲ, ಸಿಪಾಯಿಗಳು.

ಪದವು ಅಲ್ಲಿ ಎಷ್ಟು ಸಾಧುವಾಗಿ ಹೋಯಿತೆಂಬುದಕ್ಕೆ ಒಂದು ನಿದರ್ಶನವುಂಟು. ೧೮೬೦ರಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಸೇನೆಗಳು ಪೀಕಿಂಗಿನ ಹತ್ತಿರವಿದ್ದ ಚೀನಾ ಚಕ್ರವರ್ತಿಯ ಬೇಸಗೆಯ ಅರಮನೆಯನ್ನು ಕೊಳ್ಳೆಹೊಡೆದವು. ಅನಂತರ ಇಂಗ್ಲಿಷರು ಅದಕ್ಕೆ ಬೆಂಕಿಯಿಟ್ಟರು. ಅಲ್ಲಿ ಸಿಕ್ಕಿದ ಒಂದು ಪುಟ್ಟ ನಾಯಿಯನ್ನು ಸೇನಾಧಿಕಾರಿಯೊಬ್ಬನು ತಂದು ೧೮೬೧ರಲ್ಲಿ ವಿಕ್ಟೋರಿಯಾ ರಾಣಿಗೆ ಕಾಣಿಕೆಯಾಗಿ ಒಪ್ಪಿಸಿದನು. ಆ ನಾಯಿಗೆ ಇಟ್ಟ ಹೆಸರು ‘ಲೂಟಿ’. ಅರಮನೆಯ ಚಿತ್ರಕಾರನು ಅದರ ಚಿತ್ರವನ್ನೂ ಬರೆದನು. ಎಂಬತ್ತು ವರ್ಷಗಳ ಹಿಂದೆ ಹೈದರನ ಸವಾರರಿಗೆ ಬೈಗುಳಾಗಿದ್ದ ಪದವು ರಾಣಿವಾಸದ ಮುದ್ದಿನ ನಾಯಿಯ ಹೆಸರಾಯಿತು!

ಇಂಗ್ಲಿಷರಿಗೆ ಈ ಕಾರ್ಯಕ್ಕೆ ಸ್ವಂತ ಪದಗಳಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಇದ್ದುವು. ಅವುಗಳಲ್ಲಿ ಮೂರನ್ನು ನೋಡಿದರೆ ನಮ್ಮ ಮುಂದಿನ ವಿಚಾರಕ್ಕೆ ದಾರಿಯಾಗುತ್ತದೆ.

‘ರ್‍ಯಾನ್‌ಸ್ಯಾಕ್’ ಎಂಬುದು ಉತ್ತರ ಯೂರೋಪಿನ ನಾರ್ಸ್ ಭಾಷೆಯ ಪದ. ಅದರ ಮೊದಲ ಭಾಗಕ್ಕೆ ಮನೆಯೆಂದೂ ಎರಡನೆಯ ಭಾಗಕ್ಕೆ ಹುಡುಕುವುದೆಂದೂ ಅರ್ಥ. ಕಳವಿನ ಮಾಲನ್ನು ಪತ್ತೆಮಾಡುವುದಕ್ಕಾಗಿ ನ್ಯಾಯಸಮ್ಮತವಾಗಿ ಒಬ್ಬನ ಮನೆಯನ್ನು ಶೋಧಿಸುವುದೇ ಮೊದಲಿಗೆ ಅದರ ಅರ್ಥವಾಗಿದ್ದಿತು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅದು ಝಡತಿ. ಝಡತಿಗೆ ಬಂದವರು ಮನೆಯನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಹೋಗುತ್ತಿದ್ದರೋ ಏನೋ, ಇಂದು ಆ ಪದಕ್ಕೆ ಮನೆಯನ್ನು ಹಾಳುಗೆಡಹಿ ದೋಚುವುದೆಂಬ ಅರ್ಥವೇ ನಿಂತಿದೆ.

‘ಪ್ಲಂಡರ್’ ಎಂಬುದು ಜರ್ಮನ್ ಪದ. ಮೂಲದಲ್ಲಿ ಅದು ಹಾಸಿಗೆ, ಬಟ್ಟೆ, ಪಾತ್ರೆಪಡಗಗಳೇ ಮೊದಲಾದ ಮನೆಯ ಸಾಮಾನಿನ ಹೆಸರು. ೧೬೧೮ರಿಂದ ೧೬೪೮ರವರೆಗೆ ಜರ್ಮನಿಯಲ್ಲಿ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ದಂಡಿನವರು ಬಡವರ ಮನೆಗಳಿಂದ ಈ ಸಾಮಾನನ್ನು ಹೊತ್ತುಕೊಂಡು ಹೋದರು. ವಸ್ತುವಿನ ಹೆಸರೇ ಕೃತ್ಯದ ಹೆಸರಾಯಿತು. ಆ ಯುದ್ಧದಿಂದ ಹಿಂದಿರುಗಿದ ಯೋಧರೊಡನೆ ಪದವು ಇಂಗ್ಲೆಂಡಿಗೆ ಬಂದು, ೧೬೪೨ರಲ್ಲಿ ಅಲ್ಲಿ ಅಂತರ್ಯುದ್ಧವು ತೊಡಗಿದೊಡನೆ ಬಳಕೆಗೆ ಬಿದ್ದಿತು.

ಮೂರನೆಯದು ಮೇಲೆ ಹೇಳಿದ ‘ರಾಬ್’. ನಿಲುವಂಗಿಗೆ ಇಂಗ್ಲಿಷಿನಲ್ಲಿ ‘ರೋಬ್’ ಎನ್ನುತ್ತಾರೆ. ಇವೆರಡೂ ಒಂದೇ ಮೂಲದವು. ಸೋತವನ ಮೈಮೇಲಿಂದ ಕಿತ್ತುಕೊಂಡ ಬಟ್ಟೆಯೇ ಮೊದಲನೆಯ ‘ರೋಬ್’. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಒಂದು ಸೀರೆಯನ್ನು ನೇಯುವುದಕ್ಕೆ ಎಷ್ಟು ಶ್ರಮವೆಂಬುದನ್ನು ಬಲ್ಲವರು, ಬಟ್ಟೆಯು ಹಣಕ್ಕೆ ಸಮಾನವಾಗಿದ್ದ ಕಾಲವನ್ನು ಸುಲಭವಾಗಿ ಊಹಿಸಬಲ್ಲರು.

ಕನ್ನಡದಲ್ಲಿಯೂ ಇದೇ ರೀತಿ. ಸುಲಿಗೆಯೆಂಬುದು ‘ಸುಲಿ’ ಧಾತುವಿನಿಂದ ಬಂತು. ಬೀಳಗಿಯ ಕಡೆಯ ಹೊಲಗಳಲ್ಲಿ ಹೆಂಗಸರು ಶೇಂಗಾ ಸುಲಿಯುತ್ತಾರೆ, ಗೋವಿನಜೋಳದ ತೆನೆ ಸುಲಿಯುತ್ತಾರೆ. ಮೇಲಣ ಸಿಪ್ಪೆಯನ್ನು ತೆಗೆದುಹಾಕಿ ಒಳಗಿನದನ್ನು ಬರಿದುಮಾಡುವ ಆ ಕ್ರಿಯೆಯನ್ನೇ ಮನುಷ್ಯನ ಮೇಲೆ ನಡೆಸಿದರೆ ಸುಲಿಗೆಯಾಯಿತು. ‘ಕೊಳ್ಳೆ’ಯೆಂಬುದು ‘ಕೊಳ್’ ಧಾತುವಿನದು. ಮುಧೋಳದ ಸಂತೆಯಲ್ಲಿ ದುಡ್ಡು ಕೊಟ್ಟು ತೆಗೆದುಕೊಂಡರೆ ‘ಕೊಂಡರು’. ದುಡ್ಡು ಕೊಡದೆ ತೆಗೆದುಕೊಂಡರೆ ‘ಕೊಳ್ಳೆ ಹೊಡೆದರು’. ಧಾತುವು ಒಂದೇ, ನಡುವೆ ಇರುವುದು ಒಪ್ಪಿಗೆಯೊಂದೇ. ನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳಲ್ಲಿ ‘ತುಱುಗೊಳ್’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಊರ ದನಗಳನ್ನು ಹಿಡಿದೊಯ್ಯುವುದೆಂದು ಅದರ ಅರ್ಥ. ‘ಸೂರೆ’ಯಂತೂ ಇಂದು ಸಭ್ಯವಾಗಿಬಿಟ್ಟಿದೆ. ಗಾಯನವು ಶ್ರೋತೃಗಳ ಮನಸ್ಸನ್ನು ಸೂರೆಗೊಂಡಿತೆಂದು ಬರೆಯುವಾಗ ನಮಗಾರಿಗೂ ಸುಡುವ ಊರಿನ ನೆನಪಾಗುವುದಿಲ್ಲ.

ಹೀಗೆ ಪದಗಳಿಗೆ ಬಡತನವಿಲ್ಲದಿರುವಲ್ಲಿ ಇಂಗ್ಲಿಷರು ನಮ್ಮ ಪದವನ್ನು ಏಕೆ ತೆಗೆದುಕೊಂಡರು? ನಮ್ಮ ಅಭಿಪ್ರಾಯವನ್ನು ಹೇಳುತ್ತೇವೆ. ಕೆಟ್ಟ ಕೆಲಸಕ್ಕೆ ಪರಭಾಷೆಯ ಪದವು ನಾಲಗೆಗೆ ಹಗುರವಾಗಿರುತ್ತದೆ. ಲಂಚವೆನ್ನಲು ಸಂಕೋಚಪಡುವ ಮನುಷ್ಯನು ‘ಮಾಮೂಲು’ ಎನ್ನಲು ಸಂಕೋಚಪಡುವುದಿಲ್ಲ. ಮಾಮೂಲೆಂಬುದು ರೂಢಿಯೆಂಬ ಅರ್ಥದ ಅರಬ್ಬೀ ಪದ. ಅದರಲ್ಲಿ ಪಾಪದ ವಾಸನೆಯಿಲ್ಲ. ಅದರಂತೆ ‘ರಾಬ್’ ಎಂಬುದು ಕ್ರೈಸ್ತ ಪಾದ್ರಿಯು ನಿಷೇಧಿಸಿದ ಕೃತ್ಯ. ‘ಲೂಟ್’ ಎಂಬುದು ದೂರದೇಶದಲ್ಲಿ ನಡೆಯುವ ಒಂದು ವಿನೋದ.

ಇದಲ್ಲದೆ ಅಧಿಕಾರಿಗಳ ಬಳಿ ಇನ್ನೊಂದು ಪದವಿದ್ದಿತು. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣದ ಕೋಟೆಯು ಬಿದ್ದಿತು. ಆ ರಾತ್ರಿ ಇಂಗ್ಲಿಷ್ ದಂಡಿನವರು ಪಟ್ಟಣವನ್ನು ದೋಚಿದರು. ಮರುದಿನ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯು ಸುಲಿಗೆಗಾರರಾದ ಸಿಪಾಯಿಗಳಲ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಹಾಕಿಸಿ ಶಾಂತಿಯನ್ನು ಸ್ಥಾಪಿಸಿದನು. ತರುವಾಯ ಟೀಪೂ ಸುಲ್ತಾನನ ಖಜಾನೆಯನ್ನು ನೇಮಿತ ಅಧಿಕಾರಿಗಳು ಲೆಕ್ಕಮಾಡಿ, ಸೇನಾಪತಿಯಿಂದ ಮೊದಲ್ಗೊಂಡು ಸಾಮಾನ್ಯ ಸಿಪಾಯಿಯವರೆಗೆ ದರ್ಜೆಗೆ ತಕ್ಕಂತೆ ಹಂಚಿದರು. ಸುಲ್ತಾನನ ಸಿಂಹಾಸನವನ್ನು ಸಹ ಪಾಲುಮಾಡುವ ಸಲುವಾಗಿ ತುಂಡುಮಾಡಿದರು. ಇದಕ್ಕೆ ಲೂಟಿಯೆಂದು ಹೆಸರಿಲ್ಲ. ‘ಪ್ರೈಜ್’ ಎಂದು ಹೆಸರು. ಆ ಪದಕ್ಕೂ ಮೂಲಾರ್ಥವು ‘ಹಿಡಿದುಕೊಂಡದ್ದು’ ಎಂದೇ. ನಮ್ಮ ಕೊಳ್ಳೆಯ ಅರ್ಥಕ್ಕೂ ಅದಕ್ಕೂ ಕೂದಲೆಳೆಯ ಅಂತರವಿಲ್ಲ. ಸಿಪಾಯಿಯು ಅಪ್ಪಣೆಯಿಲ್ಲದೆ ತೆಗೆದುಕೊಂಡರೆ ಗಲ್ಲು. ಅಪ್ಪಣೆಯಿಂದ ತೆಗೆದುಕೊಂಡರೆ ಬಹುಮಾನ.

ಈ ಪದಗಳನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಈಗ ಹಲಗಲಿಗೆ ಬರೋಣ. ಹಲಗಲಿಯು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನ ಒಂದು ಹಳ್ಳಿ. ೧೮೫೭ರಲ್ಲಿ ಅದು ಮುಧೋಳ ಸಂಸ್ಥಾನಕ್ಕೆ ಸೇರಿದ್ದಿತು. ಉತ್ತರ ಹಿಂದೂಸ್ಥಾನದಲ್ಲಿ ಸಿಪಾಯಿಗಳು ತಿರುಗಿಬಿದ್ದ ಆ ವರ್ಷದಲ್ಲಿ, ಪರವಾನಗಿಯಿಲ್ಲದೆ ಯಾರೂ ಆಯುಧಗಳನ್ನು ಇಟ್ಟುಕೊಳ್ಳಕೂಡದೆಂದು ಕಂಪನಿ ಸರಕಾರವು ಕಾನೂನು ಮಾಡಿತು. ಮುಧೋಳ ಸಂಸ್ಥಾನದಲ್ಲಿಯೂ ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆಯು ಜಾರಿಗೆ ಬಂದಿತು. ಹಲಗಲಿಯ ಬೇಡರಿಗೆ ಆಯುಧವೆಂಬುದು ಬೇಟೆಯ ಸಾಧನ, ಕುಲದ ಗುರುತು, ಹೊಟ್ಟೆಯ ದಾರಿ. ಅವರು ಕೊಡಲೊಪ್ಪಲಿಲ್ಲ. ಹನುಮ, ಬಾಲ, ಜಡಗ, ರಾಮ ಎಂಬವರು ಅವರ ಮುಂದಾಳುಗಳು. ಸುತ್ತಣ ಊರುಗಳ ಬೇಡರೂ ಬಂದು ಸೇರಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಮಾಲ್ಕಮ್ ಎಂಬ ಅಧಿಕಾರಿಯ ಕೈಕೆಳಗೆ ದಕ್ಷಿಣ ಮರಾಠಾ ಕುದುರೆ ದಂಡು ಹಲಗಲಿಯ ಮೇಲೆ ಬಂದಿತು. ಬೇಡರು ಮನೆಗಳೊಳಗಿಂದ ಕಾದಿದರು. ದಂಡಿನವರು ಊರಿಗೆ ಬೆಂಕಿಯಿಟ್ಟರು. ಅನೇಕರು ಸತ್ತರು, ಅನೇಕರು ಸೆರೆಸಿಕ್ಕಿದರು. ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಸೆರೆಯಾಳುಗಳಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು.

ಸರಕಾರದ ದಾಖಲೆಗಳ ಮಟ್ಟಿಗೆ ಹಲಗಲಿಯ ಕಥೆಯು ಇಲ್ಲಿಗೆ ಮುಗಿಯಿತು. ಆದರೆ ಜನರು ಅದನ್ನು ಅಷ್ಟಕ್ಕೆ ಮುಗಿಸಲಿಲ್ಲ. ಈ ಸೀಮೆಯಲ್ಲಿ ಹಲಗಲಿಯ ಬೇಡರನ್ನು ಕುರಿತ ಲಾವಣಿಯೊಂದು ಹುಟ್ಟಿತು. ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಆ ಲಾವಣಿಯನ್ನು, ಇಂಗ್ಲಿಷ್ ಸರಕಾರದ ಅಧಿಕಾರಿಯೇ ಆಗಿದ್ದು ಶಾಸನಸಂಶೋಧಕನೆಂದು ಹೆಸರಾದ ಫ್ಲೀಟನು ಸಂಗ್ರಹಿಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಭಾಷಾಂತರದೊಡನೆ ಅಚ್ಚುಹಾಕಿಸಿದನು. ಆತನ ಈ ಉಪಕಾರವನ್ನು ನಾವು ಮರೆಯಲಾಗದು.

ಆ ಲಾವಣಿಯಲ್ಲಿ ಶೌರ್ಯದ ವರ್ಣನೆಯುಂಟು, ಸಾವಿನ ವರ್ಣನೆಯುಂಟು. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಕಲಕುವುದು ಅದರ ಕೊನೆಯ ಕಡೆಗೆ ಬರುವ ಒಂದು ಪಟ್ಟಿ. ಊರಿನಲ್ಲಿ ಏನೇನು ಹೋಯಿತೆಂಬುದನ್ನು ಲಾವಣಿಕಾರನು ಒಂದೊಂದಾಗಿ ಎಣಿಸುತ್ತಾನೆ. ಒಕ್ಕಲುತನದ ಕಬ್ಬಿಣದ ಸಾಮಾನು ಹೋಯಿತು. ಅಡಿಗೆಮನೆಯ ಹೈನು, ಎಣ್ಣೆ, ಬೆಲ್ಲ, ಜೀರಿಗೆಗಳು ಹೋದವು. ಉಣ್ಣುವ ತಾಟು, ನೀರಿನ ತಂಬಿಗೆ, ಹೆಂಗಸರ ಕೊರಳ ತಾಳಿ ಹೋದವು. ಬೀಸುವ ಕಲ್ಲನ್ನು ಕೂಡ ಬಿಡಲಿಲ್ಲ. ಉಳಿದದ್ದು ಬೂದಿ. ಈ ಪಟ್ಟಿಯಲ್ಲಿ ರತ್ನವಿಲ್ಲ, ಸಿಂಹಾಸನವಿಲ್ಲ. ಇಂಗ್ಲೆಂಡಿಗೆ ಸಾಗಿಸಿ ಕಾಣಿಕೆ ಕೊಡತಕ್ಕಂಥ ವಸ್ತುವು ಒಂದೂ ಇಲ್ಲ. ಇರುವುದೆಲ್ಲ ಜರ್ಮನಿಯ ಬಡವರು ‘ಪ್ಲಂಡರ್’ ಎಂದು ಕರೆಯುತ್ತಿದ್ದ ಮನೆಯ ಸಾಮಾನೇ. ಆಯುಧಗಳ ಝಡತಿಯೆಂದು ಆರಂಭವಾದುದು ಬೀಸುವ ಕಲ್ಲಿನವರೆಗೆ ಹೋಗಿ ನಿಂತಿತು. ‘ರ್‍ಯಾನ್‌ಸ್ಯಾಕ್’ ಎಂಬ ಪದಕ್ಕೆ ಶತಮಾನಗಳ ಕಾಲದಲ್ಲಿ ಆದ ಅರ್ಥವ್ಯತ್ಯಾಸವು ಹಲಗಲಿಯಲ್ಲಿ ಕೆಲವೇ ದಿನಗಳಲ್ಲಿ ಆಗಿಹೋಯಿತು.

ಹಾಬ್ಸನ್-ಜಾಬ್ಸನ್ ಕೋಶವು ಕೊಟ್ಟ ವರ್ಷಗಳನ್ನು ಈಗ ಮತ್ತೊಮ್ಮೆ ನೆನೆಯಬೇಕು. ‘ಲೂಟ್’ ಎಂಬ ಪದವು ಇಂಗ್ಲೆಂಡಿನಲ್ಲಿ ಮನೆಮಾತಾದುದು ಯಾವ ದಂಗೆಯ ಕಾಲಕ್ಕೋ ಹಲಗಲಿಯು ಉರಿದುದೂ ಅದೇ ದಂಗೆಯ ಕಾಲಕ್ಕೆ. ದೆಹಲಿ, ಲಕ್ನೋಗಳ ಲೂಟಿಯನ್ನು ಜಗತ್ತು ಬಲ್ಲುದು. ಅದೇ ವರ್ಷದಲ್ಲಿ ಘಟಪ್ರಭೆಯ ಸೀಮೆಯ ಒಂದು ಹಳ್ಳಿಯಲ್ಲಿಯೂ ಆ ಕ್ರಿಯಾಪದವು ಸಾರ್ಥಕವಾಯಿತೆಂಬುದನ್ನು ಬಲ್ಲದ್ದು ಲಾವಣಿ ಮಾತ್ರ.

ಇನ್ನು ನಮ್ಮ ವಿದ್ಯಾರ್ಥಿಯ ಪ್ರಶ್ನೆ. ‘ಸುಡಲ್ಪಟ್ಟಿತು’ ಎಂಬ ಪ್ರಯೋಗವು ಪುಸ್ತಕದ ಕನ್ನಡಕ್ಕೆ ಸೇರಿದ್ದು. ಸಂಸ್ಕೃತದ ಅನುಕರಣದಿಂದಲೂ ಇಂಗ್ಲಿಷಿನ ಭಾಷಾಂತರದಿಂದಲೂ ಬೆಳೆದುಬಂದದ್ದು. ಜಮಖಂಡಿಯ ಪೇಟೆಯಲ್ಲಿಯಾಗಲಿ ಬೀಳಗಿಯ ಹೊಲದಲ್ಲಿಯಾಗಲಿ ಯಾರೂ ಹಾಗೆ ಮಾತನಾಡುವುದಿಲ್ಲ. ‘ಊರ ಸುಟ್ಟರು’ ಎನ್ನುತ್ತಾರೆ. ಕರ್ತೃವಿನ ಹೆಸರನ್ನು ಹೇಳದಿದ್ದರೂ ‘ಅರು’ ಎಂಬ ಆಖ್ಯಾತಪ್ರತ್ಯಯದಲ್ಲಿ ಅವನ ಹೆಜ್ಜೆಯ ಗುರುತು ಉಳಿದಿರುತ್ತದೆ. ಯಾರೋ ಸುಟ್ಟರು, ತಾನಾಗಿ ಸುಡಲಿಲ್ಲ ಎಂಬಷ್ಟಾದರೂ ತಿಳಿಯುತ್ತದೆ; ‘ಯಾರು?’ ಎಂಬ ಪ್ರಶ್ನೆಗೆ ಎಡೆಯಿರುತ್ತದೆ. ‘ಸುಡಲ್ಪಟ್ಟ’ ಊರಿನಲ್ಲಿ ಆ ಪ್ರಶ್ನೆಗೆ ಎಡೆಯಿಲ್ಲ. ಕರ್ಮಣಿ ಪ್ರಯೋಗವು ವ್ಯಾಕರಣದಲ್ಲಿ ದೋಷವಲ್ಲ. ಶಾಸ್ತ್ರಗ್ರಂಥಗಳಲ್ಲಿ ಅದು ಉಪಯುಕ್ತವಾಗಿಯೂ ಇದೆ. ಆದರೆ ಬಲಾತ್ಕಾರದ ಚರಿತ್ರೆಯನ್ನು ಬರೆಯುವಾಗ ಒಂದು ಪಕ್ಷದವರ ಕೃತ್ಯಗಳಿಗೆಲ್ಲ ಕರ್ತರಿ ಪ್ರಯೋಗವನ್ನೂ ಇನ್ನೊಂದು ಪಕ್ಷದವರ ಕೃತ್ಯಗಳಿಗೆಲ್ಲ ಕರ್ಮಣಿ ಪ್ರಯೋಗವನ್ನೂ ಹಂಚಿಕೊಟ್ಟರೆ ಅದು ವ್ಯಾಕರಣವಾಗದು, ಪಕ್ಷಪಾತವಾಗುತ್ತದೆ. ಇಂಗ್ಲಿಷ್ ಪುಸ್ತಕಗಳನ್ನು ಓದಿ ಪದವೀಧರರಾದ ನಮ್ಮಂಥವರ ಲೇಖನಿಗೆ ಈ ಹಂಚಿಕೆಯು ಅರಿವಿಲ್ಲದೆಯೇ ಅಂಟಿಕೊಂಡಿರುತ್ತದೆ. ಆ ಎರಡು ವಾಕ್ಯಗಳನ್ನು ನಾವು ಯಾರ ದ್ವೇಷದಿಂದಲೂ ಬರೆದಿರಲಿಲ್ಲ. ಹಾಗಿದ್ದರೂ ತಪ್ಪು ತಪ್ಪೇ. ನಮ್ಮ ಮುಂದೆ ಕುಳಿತಿದ್ದವರಲ್ಲಿ ಆ ಸೀಮೆಯ ಹುಡುಗರಿದ್ದುದರಿಂದ ಅದು ಸಣ್ಣ ತಪ್ಪೂ ಅಲ್ಲ.

ಮರುವಾರದ ತರಗತಿಯಲ್ಲಿ ಅದೇ ಅಭ್ಯಾಸವನ್ನು ಪುನಃ ತೆಗೆದುಕೊಂಡೆವು. ಮೊದಲನೆಯ ವಾಕ್ಯವನ್ನು, ಆಧಾರವಿಲ್ಲದೆ ಬರೆದದ್ದೆಂದು ಒಪ್ಪಿಕೊಂಡು, ಅಳಿಸಿದೆವು. ಎರಡನೆಯದನ್ನು ‘ಮಾಲ್ಕಮನ ದಂಡಿನವರು ಹಲಗಲಿಯನ್ನು ಸುಟ್ಟರು’ ಎಂದು ತಿದ್ದಿದೆವು. ಅದರ ಕೆಳಗೆ, ‘ಲಾವಣಿಯು ಹೇಳುವಂತೆ, ಮನೆಗಳಲ್ಲಿದ್ದುದನ್ನೆಲ್ಲ ಬೀಸುವ ಕಲ್ಲು ಸಹಿತವಾಗಿ ಲೂಟಿ ಮಾಡಿದರು’ ಎಂದು ಹೊಸದಾಗಿ ಒಂದು ವಾಕ್ಯವನ್ನು ಸೇರಿಸಿ, ಇದನ್ನು ಇಂಗ್ಲಿಷಿಗೆ ತಿರುಗಿಸಿರೆಂದು ಹೇಳಿದೆವು. ಪ್ರಶ್ನೆ ಕೇಳಿದ್ದ ಹುಡುಗನು ಬರೆದು ತಂದು ತೋರಿಸಿದನು. ಲೂಟಿಯೆಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯಬೇಕೆಂದು ಅವನು ನಿಘಂಟನ್ನು ನೋಡಿರಲಿಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ. “ಅದೇ ಶಬ್ದ ಬರದೇನ್ರಿ ಸರ, ಅವರ ಕಡೆನೂ ಅದ ಐತಿ” ಎಂದನು.

ನಮ್ಮಿಂದ ಹೋದ ಪದವನ್ನು ಹಿಂದಕ್ಕೆ ಕೇಳುವ ಉದ್ದೇಶವು ನಮಗಿಲ್ಲ. ಪದಗಳು ಕೊಟ್ಟರೂ ಮುಗಿಯದ ಒಡವೆಗಳು. ವರ್ತಮಾನಪತ್ರಿಕೆಯಲ್ಲಾಗಲಿ ಚರಿತ್ರೆಯ ಪುಸ್ತಕದಲ್ಲಾಗಲಿ ಲೂಟಿ, ಸುಲಿಗೆ, ದಹನ, ನಾಶ ಎಂಬ ಪದಗಳು ಕಂಡಾಗಲೆಲ್ಲ, ಆ ವಾಕ್ಯದ ಕರ್ತೃವು ಎಲ್ಲಿದ್ದಾನೆಂದು ಒಂದು ಕ್ಷಣ ಹುಡುಕಿನೋಡಬೇಕೆಂದಷ್ಟೇ ಕೇಳುಗರಲ್ಲಿ ಪ್ರಾರ್ಥಿಸುತ್ತೇವೆ.